ಕಪ್ಪು ಕಾರಿನ ಮೇಲೆ ಒಂದು ಬೆರಳಚ್ಚು

"ಏಯ್! ಕೆಳಗಿಡ್ರೀ ಅದನ್ನ!"

ಶಿಹೋ ಕೂಗಿದ ರಭಸಕ್ಕೆ ಆ ಯುವಕ ಬೆಚ್ಚಿಬಿದ್ದ. ಅವನ ಕೈಯಲ್ಲಿದ್ದದ್ದು ಅವಳ ಕಾರು. ಅಂಗೈಯಗಲದ ಪುಟ್ಟ ಕಪ್ಪು ಟ್ಯಾಕ್ಸಿ. ಅದನ್ನು ಮೂಗಿಗೆ ಹಿಡಿದು ಮೂಸುತ್ತಿದ್ದ!

"ಇನ್ನೂ ಥಿನ್ನರ್ ವಾಸನೆ ಇದೆ. ಒಳಗೆ ಒಣಗಿಲ್ಲ," ಎಂದ ಅವನು ಮೆಲ್ಲಗೆ. "ಈಗಲೇ ಪಾಲಿಶ್ ಮಾಡಬೇಡಿ."

"ನಿಮ್ಮನ್ನ ಕೇಳಿದ್ನಾ?"

ಅವನು ಕುನಿಹಿಕೊ. ರೈಲು ಸ್ಟೇಷನ್ ಹಿಂದೆ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಶಿಜುವೊಕಾ ಪಟ್ಟಣದ ಈ ಓಣಿಯಲ್ಲಿ, ತೊಮೊಏ ಅಜ್ಜಿಯ ಮಾಡೆಲ್ ಅಂಗಡಿಯ ಗಾಜಿನ ಕಿಟಕಿಯಲ್ಲಿ ಪ್ರತಿ ವರ್ಷ ಕೂರುವುದು ಅವನ ಕಾರೇ. ಗಿರಾಕಿಗಳು ಅಲ್ಲೇ ಕೂತು ಮಾಡುವ ಪುಟ್ಟ ಕಾರುಗಳಲ್ಲಿ ಒಂದಕ್ಕೆ ಮಾತ್ರ ಆ ಜಾಗ, ಅದಕ್ಕೆ ಅಜ್ಜಿಯ ಪರೀಕ್ಷೆ ಸರಳ. ಕಾರನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿಯುತ್ತಾಳೆ. ಬಣ್ಣದಲ್ಲಿ ಕಾಣುವ ಬೆಳಕಿನ ಗೆರೆ ಎಲ್ಲೂ ನಡುಗಬಾರದು!

ಈ ಸಲ ಆ ಕಿಟಕಿ ಶಿಹೋಗೆ ಬೇಕಿತ್ತು. ಭಾನುವಾರ ಅವಳ ಅಪ್ಪನ ಟ್ಯಾಕ್ಸಿಯ ಕೊನೆಯ ದಿನ. ಮರುದಿನ ಗಾಡಿ ಗುಜರಿಗೆ. ದಿನಾ ಆ ಕಿಟಕಿಯ ಮುಂದೆಯೇ ಹಾದುಹೋಗುವ ಅಪ್ಪ, ಒಮ್ಮೆ ನಿಂತು ತನ್ನ ಗಾಡಿಯನ್ನು ಅಲ್ಲಿ ನೋಡಬೇಕು... ಅಷ್ಟೇ ಅವಳ ಆಸೆ.

'ಒಣಗಿಲ್ಲ ಅಂತೆ! ನಾನು ತಡ ಮಾಡಿದ್ರೆ ಲಾಭ ಯಾರಿಗೆ?'

ಅನುಮಾನ ಹೊಕ್ಕಿತೆಂದರೆ ಮುಗಿಯಿತು, ಎದುರಿಗಿದ್ದವನ ಉಸಿರಿನಲ್ಲೂ ಸಂಚು ಕಾಣುತ್ತದೆ. ಅವನು ತಿನ್ನಲು ಬಿಸಿ ಬಿಸಿ ಓಡೆನ್ ಸಾರು ತಂದುಕೊಟ್ಟರೆ ಮಸ್ಕಾ, ಅವಳ ಬಣ್ಣಕ್ಕೆ ಧೂಳು ಬೀಳದಿರಲೆಂದು ಬಾಗಿಲು ಮುಚ್ಚಿದರೆ ನಾಟಕ. ಅವಳತ್ತ ನೋಡಿ ಕಿವಿ ಕೆಂಪಾದರಂತೂ... ಕಳ್ಳನ ಲಕ್ಷಣ!

ಹೊರಗೆ ಜೂನ್ ಮಳೆ. ಆ ತೇವದಲ್ಲಿ ಬಣ್ಣ ಒಣಗಿಸಲು ಅಜ್ಜಿ ಪಾತ್ರೆ ಒಣಗಿಸುವ ಒಂದು ಹಳೆಯ ಕರೆಂಟ್ ಪೆಟ್ಟಿಗೆ ಇಟ್ಟಿದ್ದಳು. ಎಲ್ಲರ ಕಾರುಗಳೂ ಅದರೊಳಗೇ, ಸಣ್ಣ ಬಿಸಿಯಲ್ಲಿ. ಶುಕ್ರವಾರ ಮಧ್ಯಾಹ್ನ ಒಳಗಿದ್ದದ್ದು ಎರಡೇ: ಅವಳ ಕಪ್ಪು, ಅವನ ಬಿಳಿ. ಶಿಹೋ ಅತ್ತಿತ್ತ ನೋಡಿ, ಬಿಸಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಊಟಕ್ಕೆ ಹೋದಳು.

'ನೋಡೋಣ, ಹೇಗೆ ಒಣಗಲ್ಲ ಅಂತ!'

ಮರಳಿ ಬಂದಾಗ ಅವಳ ಕಾರು ಮೇಜಿನ ಮೇಲಿತ್ತು. ಡಿಕ್ಕಿಯ ಮೇಲೆ, ಹೊಳೆಯುವ ಕಪ್ಪಿನ ನಟ್ಟನಡುವೆ ಒಂದು ಬೆರಳಚ್ಚು!

"ಯಾರದಿದು?" ಅವಳು ಕಾರನ್ನು ಎತ್ತಿ ಹಿಡಿದಳು.

"ನನ್ನದೇ," ಎಂದ ಕುನಿಹಿಕೊ. "ಕ್ಷಮಿಸಿ."

"ಬೇಕಂತಲೇ ಮಾಡಿದ್ರಿ! ಮೊದಲ ದಿನವೇ ಗೊತ್ತಿತ್ತು ನನಗೆ. ಎಂಥಾ ಮನುಷ್ಯರೀ ನೀವು?"

 ಅವನು ತಲೆಬಾಗಿಸಿ, ಕೊಡೆ ತೆಗೆದುಕೊಂಡು ಹೊರಟೇಹೋದ.

ಶಿಹೋ ಕುಸಿದು ಕುಳಿತು ಅತ್ತಳು. ತೊಮೊಏ ಅಜ್ಜಿ ಚಹಾದ ಬಟ್ಟಲನ್ನು ಟಪ್ ಎಂದು ಮುಂದಿಟ್ಟಳು.

"ಅತ್ತಾಯ್ತಾ? ಈಗ ಇದನ್ನೂ ನೋಡು ತಾಯಿ."

ಕೌಂಟರ್ ಕೆಳಗಿಂದ ಅಜ್ಜಿ ತೆಗೆದದ್ದು ಅವನ ಬಿಳಿ ಕಾರು. ಅದರ ಮೇಲ್ಛಾವಣಿ ಮೇಣದಂತೆ ಕುಸಿದಿತ್ತು.

"ಪ್ಲಾಸ್ಟಿಕ್ ವಾಸನೆ ಬಂತು ಅಂತ ಓಡಿಬಂದ. ಸುಡೋ ಮುಚ್ಚಳ ಒಂದು ಕೈಲಿ, ಇನ್ನೊಂದು ಕೈಯಿಂದ ಮೊದಲು ತೆಗೆದದ್ದು ನಿನ್ನ ಕಾರು. ತನ್ನದಕ್ಕೆ ಕೈ ಹಾಕೋ ಹೊತ್ತಿಗೆ ಹೀಗಾಗಿತ್ತು. ಗುಂಡಿ ಯಾರು ತಿರುಗಿಸಿದ್ರು ಅಂತ ಅವನಿಗೆ ಗೊತ್ತಿಲ್ವಾ? ಹೇಳಬೇಡಿ ಅಜ್ಜಿ ಅಂದ. ನನ್ನ ಬಾಯಿ ಕೇಳಬೇಕಲ್ಲ!"

 ಇಷ್ಟು ದಿನ ಶಿಹೋ ಅವನ ಕೈಯ ಮೇಲೇ ಕಣ್ಣಿಟ್ಟಿದ್ದಳು. ಕೆಡಿಸಿದ್ದು ತನ್ನ ಕೈ!

ಕೊಡೆಯನ್ನೂ ಮರೆತು ಸೈಕಲ್ ಅಂಗಡಿಗೆ ಓಡಿದಳು.

"ಗುಂಡಿ ತಿರುಗಿಸಿದ್ದು ನಾನು... ನೀವು ಯಾಕೆ ಹೇಳಲಿಲ್ಲ?"

ಕುನಿಹಿಕೊ ಕೈಯ ಗ್ರೀಸ್ ಒರೆಸಿಕೊಂಡ. ಎಡಗೈಯ ಬೆರಳುಗಳಿಗೆ ಪಟ್ಟಿ ಸುತ್ತಿತ್ತು. "ಅಪ್ಪನ ಟ್ಯಾಕ್ಸಿ ಅಂತ ಅಜ್ಜಿ ಹೇಳಿದ್ರು. ಹೇಳಿದ್ರೆ ನೀವು ಇನ್ನೂ ಅಳ್ತಿದ್ರಿ. ಬನ್ನಿ, ಅಚ್ಚು ಆಳಕ್ಕೆ ಇಳಿದಿಲ್ಲ. ಉಜ್ಜಿ ತೆಗೀಬಹುದು."

ಮರುದಿನವಿಡೀ ಇಬ್ಬರೂ ಅಕ್ಕಪಕ್ಕ ಕುಳಿತರು. ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ ಎನ್ನುವವರೆಗೆ ಕಾದು, ತೀರಾ ನಯವಾದ ಮರಳು ಕಾಗದವನ್ನು ನೀರಿನಲ್ಲಿ ಅದ್ದಿ, ಬೆರಳಿನ ಭಾರವೂ ಬೀಳದಂತೆ ಉಜ್ಜಿದರು. ಹೊಳಪು ಮಾಯವಾಗಿ ಕಾರು ಬೂದಿಬಣ್ಣವಾದಾಗ ಶಿಹೋಳಲ್ಲಿ ಹಳೇ ಅನುಮಾನ ಒಮ್ಮೆ ಹೆಡೆಯೆತ್ತಿತು. ಆದರೂ ತುಟಿ ಕಚ್ಚಿ ನಂಬಿದಳು. ಪಾಲಿಶ್ ಹಚ್ಚಿದಂತೆ ಕಪ್ಪು ಮರಳಿ ಬಂತು.

ಭಾನುವಾರ ಬೆಳಿಗ್ಗೆ ಅಜ್ಜಿಯ ಟ್ಯೂಬ್‌ಲೈಟಿನ ಗೆರೆ ಆ ಡಿಕ್ಕಿಯ ಮೇಲೆ ಒಂದಿಷ್ಟೂ ನಡುಗಲಿಲ್ಲ.

ಸಂಜೆ ಟ್ಯಾಕ್ಸಿಯೊಂದು ಕಿಟಕಿ ದಾಟಿ, ನಿಂತು, ಹಿಂದಕ್ಕೆ ಬಂತು. ಅಪ್ಪ ಇಳಿದ. ಬಿಳಿ ಕೈಗವಸು ತೆಗೆದು ಗಾಜಿಗೆ ಅಂಗೈ ಇಟ್ಟ. ತುಂಬಾ ಹೊತ್ತು ನೋಡಿ, ಆ ಪುಟ್ಟ ಗಾಡಿಗೆ ಸೊಂಟ ಬಾಗಿಸಿ ನಮಸ್ಕರಿಸಿದ.

ಒಳಗೆ ನಿಂತಿದ್ದ ಶಿಹೋಳ ಕಣ್ಣು ತುಂಬಿ ಹರಿಯಿತು.

"ಕುನಿಹಿಕೊ-ಸಾನ್... ಆ ಬಿಳಿ ಕಾರು ನನಗೆ ಕೊಡಿ."

"ಹಾಳಾದದ್ದು ಯಾಕೆ?"

"ನನ್ನ ಹತ್ರ ಇರಲಿ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ."

ಅವನ ಕಿವಿ ಮತ್ತೆ ಕೆಂಪಾಯಿತು. ಈ ಸಲ ಅವಳಿಗೆ ಅನುಮಾನ ಬರಲಿಲ್ಲ. ಅವಳ ಕೈಯನ್ನು ಮೆಲ್ಲಗೆ ಹಿಡಿದು ಅವನು ಮೂಗಿಗೆ ತಂದ.

"ಇನ್ನೂ ಥಿನ್ನರ್ ವಾಸನೆ ಇದೆ."

"ಅಂದ್ರೆ... ಕಾಯಬೇಕಾ?"

"ನೀವು ಮೊದಲ ಸಲ ಈ ಅಂಗಡಿಗೆ ಬಂದ ವಸಂತದಿಂದ ನಾನು ಕಾಯ್ತಾನೇ ಇದ್ದೀನಿ," ಎಂದ ಅವನು. "ನೀವು ಗುಂಡಿ ಮಾತ್ರ ತಿರುಗಿಸಬೇಡಿ."