ಬಿಸಿನೀರಿನ ವಾದ

ಫ್ರಿಜ್ ರಿಪೇರಿ ಮಾಡುತ್ತಿದ್ದ ನಮ್ಮ ಚಿಕ್ಕಪ್ಪ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಚುನಾವಣೆ, ಬೆಲೆಯೇರಿಕೆ, ವಿಜ್ಞಾನ, ಯಾವುದನ್ನೂ ಬಿಡುತ್ತಿರಲಿಲ್ಲ. ತಣ್ಣೀರಿಗಿಂತ ಬಿಸಿನೀರೇ ಬೇಗ ಐಸ್ ಆಗುತ್ತೆ ಅನ್ನೋದು ಅವರ ಹಟ. ವಿಜ್ಞಾನದ ಮೇಷ್ಟ್ರಾದ ನಾನು ನಗುತ್ತಿದ್ದೆ.

"ನೀನು ಪಾಠ ಮಾಡ್ತೀಯ, ನಾನು ಫ್ರಿಜ್ ಬಿಚ್ತೀನಿ. ಇರು ಮಗನೇ, ಒಂದಿನ ತೋರಿಸ್ತೀನಿ," ಅನ್ನುತ್ತಿದ್ದರು. ತೋರಿಸುವ ಮೊದಲೇ ತೀರಿಕೊಂಡರು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವರ ನೆನಪು ತಡೆಯಲಾಗದೆ ಗ್ರೂಪಿನಲ್ಲಿ ಬರೆದೆ: "ಚಿಕ್ಕಪ್ಪಾ, ಸೋತೆ ಅಂತ ಒಪ್ಕೊಳ್ಳಿ." ಅಡುಗೆಮನೆಯಲ್ಲಿ ಫ್ರಿಜ್ ಬಾಗಿಲು ಮುಚ್ಚಿದ ಸದ್ದಾಯಿತು. ಮನೆಯಲ್ಲಿದ್ದದ್ದು ನಾನೊಬ್ಬನೇ.

ಫ್ರೀಜರಿನಲ್ಲಿ ನಾನಿಡದ ಎರಡು ಸ್ಟೀಲ್ ಲೋಟಗಳಿದ್ದವು. ಒಂದರಲ್ಲಿ ನೀರು ನೀರಾಗಿಯೇ ಇತ್ತು. ಇನ್ನೊಂದರಲ್ಲಿ ಗಟ್ಟಿ ಐಸ್. ನಗು ಬಂತು, ಕಣ್ಣೂ ತುಂಬಿತು. ಐಸಿನ ಲೋಟಕ್ಕೆ ಕೈ ಹಾಕಿದೆ.

ಐಸ್ ಒಂದಿಷ್ಟೂ ಕರಗಿರಲಿಲ್ಲ. ಲೋಟ ಮಾತ್ರ ಈಗಷ್ಟೇ ಒಲೆಯಿಂದ ಇಳಿಸಿದಂತೆ ಸುಡುತ್ತಿತ್ತು.