ಹೊಲುಬ್ ಸೆಟಿಂಗ್ಸ್ ಜಗಳದ ಅನಾಮಧೇಯ

"ನಾನು ಹೊರಟೆ ಕಣ್ರೀ. ಈ ಮೆನುವೂ ಬೇಡ, ಈ ಮಾನಗೆಟ್ಟ ಜಗಳವೂ ಬೇಡ," ಎಂದು ಬ್ಲಾಂಕಾ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿದಳು.

ಜೆಕ್ ದೇಶದ ಬ್ರನೋ ನಗರದಲ್ಲಿ ನಮ್ಮ ವಾರ್ಷಿಕ ಕೂಟ ನಡೆದಿತ್ತು. ಕಂಪ್ಯೂಟರ್ ಪರದೆಯ ಮೆನು, ಕಿಟಕಿಗಳನ್ನೆಲ್ಲ ನಡೆಸುವ 'ಹೊಲುಬ್' ಎಂಬ ಡೆಸ್ಕ್‌ಟಾಪ್ ತಂತ್ರಾಂಶ ಬರೆದು ಲೋಕಕ್ಕೆಲ್ಲ ಪುಕ್ಕಟೆ ಹಂಚುವವರು ನಾವು. ಸಂಬಳವಿಲ್ಲ, ಲಾಭವಿಲ್ಲ, ಯಾವ ಗುಂಡಿ ಎಲ್ಲಿರಬೇಕೆಂದು ಮಾತ್ರ ನಾಯಿಗಳ ಹಾಗೆ ಕಚ್ಚಾಡುತ್ತೇವೆ. ಥೂ! ಚದುರಿಹೋಗಿದ್ದ ಸೆಟಿಂಗ್ಸನ್ನೆಲ್ಲ ಬ್ಲಾಂಕಾ ವರ್ಷವಿಡೀ ಕೂತು ಒಂದೇ ಹೊಸ ಮೆನುವಿನಲ್ಲಿ ಒಪ್ಪವಾಗಿ ಜೋಡಿಸಿದ್ದಳು. ಅದರ ಪ್ರಾಯೋಗಿಕ ಪ್ರತಿ ಇದ್ದದ್ದು ಆ ಕೋಣೆಯಲ್ಲಿದ್ದ ನಮ್ಮ ಐವರ ಬಳಿ ಮಾತ್ರ.

ಅಂದು ಬೆಳಿಗ್ಗೆ ಚರ್ಚಾತಾಣದಲ್ಲಿ ಅನಾಮಧೇಯನೊಬ್ಬ ಹೊಸ ಮೆನುವಿನ ಚಿತ್ರ ಹಾಕಿದ್ದ. ಎಡಮೂಲೆಯಲ್ಲಿ ಕ್ಲೋಸ್ ಬಟನ್ನು, ಕೆಳಗೆ ಆಯ್ಕೆಗಳ ಸಾಲು. "ನಾನೊಬ್ಬ ಬಡ ಬಳಕೆದಾರ. ಇದನ್ನು ಮಾಡಿದವಳು ಅಡುಗೆಮನೆ ಡಬ್ಬಿ ಜೋಡಿಸೋಕ್ಕೇ ಲಾಯಕ್ಕು," ಎಂದು ಬರೆದಿದ್ದ. ಮುಂದಿನ ಹೊಲಸನ್ನು ನಾನಿಲ್ಲಿ ಬರೆಯಲಾರೆ.

ಎಲ್ಲರ ಕಣ್ಣೂ ಹೀನೆಕ್ ಮೇಲೆ ಬಿತ್ತು. ಹಳೇ ಮೆನು ಮುಟ್ಟಬೇಡಿ ಎಂದು ಹಿಂದಿನ ದಿನ ಮೇಜು ಕುಟ್ಟಿ ಕೂಗಾಡಿದವನು ಅವನೇ.

"ಇವನಲ್ದೆ ಇನ್ಯಾರು?" ಎಂದ ರಾದಿಮ್. ಹಳೇ ಮೆನು ಕಟ್ಟಿದ ಹಿರಿಯ ಅವನು. ಆದರೂ ಬ್ಲಾಂಕಾಗೆ ಕೆಲಸ ಕಲಿಸಿ, ಎಲ್ಲರೆದುರು ಅವಳ ಪರ ನಿಂತಿದ್ದ. "ಪಾಪ, ಹೋಗ್ಲಿ ಬಿಡಮ್ಮ. ಸ್ವಲ್ಪ ದಿನ ದೂರ ಇರು."

"ಲೋ, ನಾನು ಬೈದ್ರೆ ಹೆಸರು ಹಾಕ್ಕೊಂಡೇ ಬೈತೀನಿ!" ಹೀನೆಕ್ ಕೆಂಪಗಾದ.

ನನ್ನ ಗೆಳತಿ ಕ್ವೆತಾ ಮೂಲೆಯಲ್ಲಿ ಗಸಗಸೆ ತುಂಬಿದ ಕೊಲಾಚ್ ಬನ್ನು ತಿನ್ನುತ್ತಿದ್ದಳು. ಹೊಲುಬ್‌ನ ದೋಷ ಹುಡುಕುವುದೇ ಅವಳ ಕೆಲಸ. ಮನುಷ್ಯರ ದೋಷವೂ ಅವಳಿಂದ ತಪ್ಪಿಸಿಕೊಂಡಿಲ್ಲ.

"ಬ್ಲಾಂಕಾ, ಒಂದ್ನಿಮಿಷ ಕೂತ್ಕೊ. ಎಲ್ಲರೂ ಹೊಸ ಮೆನು ತೆಗೀರಿ. ಅಕ್ಷರ ದೊಡ್ಡದು ಮಾಡಿ, ಆಮೇಲೆ ಮೆನು ಮುಚ್ಚಿ."

ಅವಳು ಮೇಜು ಸುತ್ತಿದಳು, ನಾನು ಹಿಂದೆ ಹೋದೆ. ಬ್ಲಾಂಕಾ ಲ್ಯಾಪ್‌ಟಾಪ್ ಹೊರತೆಗೆದು ಬಲಮೂಲೆಯ ಬಟನ್ ಒತ್ತಿದಳು, ನನ್ನದರಲ್ಲೂ ಬಟನ್ ಅಲ್ಲೇ ಇತ್ತು. ಹೀನೆಕ್‌ನ ಪರದೆಯಲ್ಲಿ ಬಟನ್ನೇ ಇರಲಿಲ್ಲ. ಮೇಲಿನ ಪಟ್ಟಿಯನ್ನೇ ಕಿತ್ತುಹಾಕಿ ಕೀಬೋರ್ಡಿನ ಕೀಲಿಗಳಿಂದಲೇ ಎಲ್ಲ ಮಾಡುವ ಆಸಾಮಿ. ರಾದಿಮ್‌ನ ಮೌಸಿನ ಬಾಣ ಸೀದಾ ಎಡಮೂಲೆಯ ಬಟನ್ನಿಗೆ ಓಡಿತು.

"ಬಟನ್ ಎಡಕ್ಕೆ ಹಾಕೋ ಆಯ್ಕೆ ಹೊಸದ್ರಲ್ಲಿ ಎಲ್ಲಿದೆ?" ಕ್ವೆತಾ ಕೇಳಿದಳು.

"ತೆಗೆದ್ಬಿಟ್ಟೆ," ಎಂದಳು ಬ್ಲಾಂಕಾ. "ಯಾರಾದ್ರೂ ಬಳಸ್ತೀರಾ ಅಂತ ಎಲ್ಲರನ್ನೂ ಕೇಳಿದ್ದೆ. ಇಲ್ಲ, ತೆಗಿ ಅಂತ ರಾದಿಮ್ಮೇ ಅಂದ್ರು. ಹಳೇ ಮೆನುವಿನಲ್ಲೇ ಎಡಕ್ಕೆ ಹಾಕಿಟ್ಟಿದ್ರೆ ಮಾತ್ರ ಹೊಸದ್ರಲ್ಲೂ ಉಳ್ಕೊಂಡು ಬರತ್ತೆ."

ಕ್ವೆತಾ ರಾದಿಮ್ ಕಡೆ ತಿರುಗಿದಳು.

"ಪ್ರತಿ ಇರೋದು ನಮ್ಮ ಐವರ ಹತ್ರ, ಅಂದ್ಮೇಲೆ ಆ ಬಡ ಬಳಕೆದಾರ ಇಲ್ಲೇ ಇದಾನೆ," ಎಂದಳು ಕ್ವೆತಾ. "ಚಿತ್ರದಲ್ಲಿ ಬಟನ್ ಎಡಕ್ಕಿದೆ. ಹೀನೆಕ್‌ಗೆ ಬಟನ್ನೇ ಇಲ್ಲ, ನನಗೂ ಉಳಿದಿಬ್ಬರಿಗೂ ಬಲಕ್ಕಿದೆ. ಹೆಸರು ಮುಚ್ಚಿಟ್ಟೆ ರಾದಿಮ್, ಆದ್ರೆ ನಿನ್ನ ಸೆಟಿಂಗ್ಸ್ ಬಿಟ್ಟಿರೋಕೆ ನಿನ್ನಿಂದ ಆಗ್ಲಿಲ್ಲ. ನೀನು ಕಟ್ಟಿದ್ದನ್ನ ಇವಳು ಕೆಡವಿದ್ಲು, ಎದುರಿಗೆ ಬೇಡ ಅನ್ನೋಕೆ ದೊಡ್ಡಸ್ತಿಕೆ ಅಡ್ಡ ಬಂತು."

"ಯೋಜನೆಯ ಒಳ್ಳೇದಕ್ಕೇ…" ರಾದಿಮ್ ತೊದಲಿದ.

ಅವನು ಕೊಡಿಸಿದ್ದ ಕಾಫಿ ನನ್ನ ಕೈಯಲ್ಲೇ ಇತ್ತು. ಸಿಂಕಿಗೆ ಸುರಿದೆ. ಅವನು ಕೋಟು ಎತ್ತಿಕೊಂಡು ಹೊರಟ, ಯಾರೂ ತಡೆಯಲಿಲ್ಲ.

ಬ್ಲಾಂಕಾ ಲ್ಯಾಪ್‌ಟಾಪನ್ನು ಮತ್ತೆ ಬ್ಯಾಗಿಗೆ ಹಾಕಿ, ಜಿಪ್ ಹಿಡಿದು ನಿಂತಿದ್ದಳು. ಹೀನೆಕ್ ಕುರ್ಚಿ ಎಳೆದು ಅವಳೆದುರು ಕೂತ.

"ನೋಡು, ನಿನ್ನ ಮೆನು ನಂಗೆ ಈಗಲೂ ಒಂಚೂರೂ ಹಿಡಿಸಿಲ್ಲ."

"ಯಾಕೆ?" ಎಂದಳು ಬ್ಲಾಂಕಾ. ಲ್ಯಾಪ್‌ಟಾಪ್ ಮತ್ತೆ ಹೊರಗೆ ಬಂತು.