ಕೆಳಕ್ಕೆ ಹೋದ ಗುಳ್ಳೆ

"ಯಾಕೋ ಅಳಿಸಿದೆ? ಯಾರನ್ನ ಕೇಳಿ ಅಳಿಸಿದೆ?"

ಪಟಾಕಿ ಕಿರುಚಿದ ರಭಸಕ್ಕೆ ಅಣ್ಣನ ಕೈಯಲ್ಲಿದ್ದ ರಬ್ಬರ್ ಕೆಳಗೆ ಬಿತ್ತು. ಮನೆಯವರೆಲ್ಲ ಅವಳನ್ನು ಪಟಾಕಿ ಎಂದು ಕರೆಯುವುದು ಸುಮ್ಮನೆ ಅಲ್ಲ.

"ಗುಳ್ಳೆ ಎಲ್ಲಾದ್ರೂ ಕೆಳಗೆ ಹೋಗುತ್ತೇನೇ, ಪೆದ್ದಿ? ಮೇಲೆ ಹೋಗೋ ಹಾಗೆ ಸರಿ ಮಾಡಿದೀನಿ. ನಾಳೆ ಕ್ಲಾಸಲ್ಲಿ ನಿನ್ನ ಮಾನ ಉಳೀತು. ಥ್ಯಾಂಕ್ಸ್ ಹೇಳು."

ಥ್ಯಾಂಕ್ಸಂತೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಯ ಲ್ಯಾಬಿನಲ್ಲಿ ಬೆಳಗ್ಗೆಯಿಂದ ಒಂದು ಕಣ್ಣು ಮುಚ್ಚಿ ಕೂತು, ನೋಡಿ ನೋಡಿ ಬಿಡಿಸಿದ ಚಾರ್ಟ್ ಅದು.

ಮೇಜಿನ ಮೇಲೆ ನೀರು ತುಂಬಿದ ಪುಟ್ಟ ಗಾಜಿನ ಡಬ್ಬಿ. ಅದರೊಳಗೆ ಎಲೆಕ್ಟ್ರೋಡ್ ಎಂಬ ಲೋಹದ ತಗಡು. ಕರೆಂಟ್ ಹರಿಸಿದರೆ ನೀರು ಒಡೆದು ಗ್ಯಾಸ್ ಆಗುತ್ತದೆ, ತಗಡಿನ ಮೈಮೇಲೆ ಧೂಳಿನಷ್ಟು ಸಣ್ಣ ಗುಳ್ಳೆಗಳು ಏಳುತ್ತವೆ. ಅವು ಅಲ್ಲೇ ಅಂಟಿಕೊಂಡು ಕೂತರೆ ಕರೆಂಟಿಗೆ ಅಡ್ಡಿ. ಅವು ಯಾವಾಗ ಜಾಗ ಬಿಡುತ್ತವೆ ಎಂದು, ಅಡ್ಡ ಮಲಗಿಸಿದ ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಅತ್ತೆಯ ಕೆಲಸ.

"ಅತ್ತೇ! ಇವನು ಒಂದ್ಸಲಾನೂ ನೋಡಿಲ್ಲ. ನೋಡದೇನೇ ಅಳಿಸಿಬಿಟ್ಟ!"

"ನೋಡೋಕೆ ಏನಿದೆ ಅದ್ರಲ್ಲಿ?" ಎಂದ ಅಣ್ಣ.

"ನೋಡು," ಎಂದರು ಅತ್ತೆ.

ಅಣ್ಣ ಮುಖ ಸೊಟ್ಟ ಮಾಡಿಕೊಂಡು ಕಣ್ಣಿಟ್ಟ. ಒಂದು ಗುಳ್ಳೆ ಉಬ್ಬಿತು, ಪಕ್ಕದ್ದನ್ನು ನುಂಗಿತು, ತಗಡು ಬಿಟ್ಟು ಸರ್ರನೆ ಕೆಳಕ್ಕೆ ಹೋಯಿತು. ಅವನು ಪಿಳಿಪಿಳಿ ಕಣ್ಣು ಬಿಟ್ಟ.

"ಈಗ ಹೇಳು, ಯಾರು ಪೆದ್ದು?"

ಅತ್ತೆ ನಗುತ್ತಾ ತೆಳ್ಳನೆಯ ತಂತಿಯೊಂದನ್ನು ಅವಳಿಗೆ ಕೊಟ್ಟರು. "ಇದನ್ನ ಮೇಲಿಂದ ನೀರಿಗೆ ಇಳಿಸ್ತಾ ಒಳಗೆ ನೋಡು."

ಅವಳು ತಂತಿಯನ್ನು ಮೇಲಿನಿಂದಲೇ ಇಳಿಸಿದಳು. ಮೈಕ್ರೋಸ್ಕೋಪಿನಲ್ಲಿ ಅದು ಕೆಳಗಿನಿಂದ ಹತ್ತಿ ಬಂತು!

"ಇದರ ಲೆನ್ಸು ಎಲ್ಲಾನೂ ತಲೆಕೆಳಗು ಮಾಡಿ ತೋರಿಸುತ್ತೆ ಕಣೇ."

"ಹಾಗಾದ್ರೆ ನಾನೇ ರೈಟು!" ಅಣ್ಣ ಕುಣಿದ.

"ನೋಡದೇ ಹೇಳಿದ್ದು ಎಂಥಾ ರೈಟೋ?" ಅವಳು ಅತ್ತೆಯ ಕಡೆ ತಿರುಗಿದಳು. "ನಾನು ಸುಳ್ಳು ಬಿಡಿಸಿರ್ಲಿಲ್ಲ, ಅತ್ತೆ."

"ಇಲ್ಲ ಪುಟ್ಟಾ. ನೀನು ಕಂಡಿದ್ದನ್ನೇ ಬಿಡಿಸಿದ್ದೆ."

ಅಣ್ಣ ಕುಣಿಯುವುದನ್ನು ನಿಲ್ಲಿಸಿದ.

ಪಟಾಕಿ ಮೈಕ್ರೋಸ್ಕೋಪು ಬಿಟ್ಟು, ಬಗ್ಗಿ ಬರಿಗಣ್ಣಿನಿಂದ ಡಬ್ಬಿಯನ್ನೇ ನೋಡಿದಳು. ಗುಳ್ಳೆಗಳ ಸಣ್ಣ ಎಳೆಯೊಂದು ಮೆಲ್ಲಗೆ ಮೇಲೇರುತ್ತಿತ್ತು. ಬೆಳಗ್ಗೆಯಿಂದ ಅದು ಅವಳ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಅವಳೂ ಈ ಕಡೆ ತಿರುಗಿ ನೋಡಿರಲಿಲ್ಲ.

ಚಾರ್ಟಿನಲ್ಲಿ ಗುಳ್ಳೆಗಳನ್ನು ಮತ್ತೆ ಕೆಳಗೇ ಇಳಿಸಿದಳು. ಮೂಲೆಯಲ್ಲಿ ಗಾಜಿನ ಡಬ್ಬಿ ಬಿಡಿಸಿ, ಅದರೊಳಗೆ ಗುಳ್ಳೆಗಳನ್ನು ಮೇಲೇರಿಸಿದಳು. ನಡುವೆ ಮೈಕ್ರೋಸ್ಕೋಪು.

"ಎರಡೂ ಬಿಡಿಸ್ತೀಯಾ?" ಅಣ್ಣ ಮೆಲ್ಲಗೆ ಕೇಳಿದ.

"ಹ್ಞೂಂ. ಎರಡೂ."

ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕೆಳಗೆ ಬಿದ್ದಿದ್ದ ರಬ್ಬರ್ ಎತ್ತಿ ತನ್ನ ಜೇಬಿಗೆ ಹಾಕಿಕೊಂಡಳು.